ಎರವಿನ ಕುದುರೆ ಕುಂಟಿದರೆ: ಘಟ್ಟದ ಮೇಲಿನವರು, ಕೆಳಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಶುವೈದ್ಯನಲ್ಲ. ಶಿರಸಿ ಸೀಮೆಯ ಅಡಿಕೆ ತೋಟದವನು. ನಮ್ಮ ಕೊಟ್ಟಿಗೆಯಲ್ಲಿ ಆಕಳುಗಳ ಪಕ್ಕಕ್ಕೆ ಒಂದು ಮಾರ್ವಾಡಿ ಹೆಣ್ಣು ಕುದುರೆ ಕಟ್ಟಿದೆ, ಆದರೆ ಅದು ನಮ್ಮದಲ್ಲ. ಬಯಲುಸೀಮೆಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ಪರಿಚಯದವರೊಬ್ಬರು ‘ನಿಮ್ಮ ಹುಡುಗನಿಗೆ ಸವಾರಿ ಆಸೆ ಅಲ್ವಾ, ಇಟ್ಕೊಳ್ಳಿ’ ಎಂದು ಒಂದು ಮೇ ತಿಂಗಳಲ್ಲಿ ಬಿಟ್ಟುಹೋದರು. ಜೂನ್ ಮುಗಿಯುವಷ್ಟರಲ್ಲಿ ಅದು ಕುಂಟತೊಡಗಿತು. ಆಮೇಲೆ ಕಲಿತದ್ದೆಲ್ಲ ಇಲ್ಲಿದೆ. ಕುಮಟಾದಿಂದ, ಕಾರವಾರದಿಂದ, ಬನವಾಸಿ ಕಡೆಯಿಂದ ಕುದುರೆ ಎರವಲು ತಂದವರು ಫೋನಿನಲ್ಲಿ ಕೇಳುವುದೂ ಹೆಚ್ಚುಕಡಿಮೆ ಇವನ್ನೇ.

ನಿಜವಾಗಿ ಕುಂಟುತ್ತಿದೆಯೋ, ಸೋಮಾರಿತನವೋ? ಯಾವ ಕಾಲು ಅಂತ ಹೇಗೆ ಗೊತ್ತಾಗುವುದು?

ಗಟ್ಟಿ, ಸಮತಟ್ಟಾದ ಜಾಗ ಬೇಕು. ಅಡಿಕೆ ಒಣಗಿಸುವ ಅಂಗಳ ಸಾಕು. ಒಬ್ಬರು ಹಗ್ಗ ಸಡಿಲ ಬಿಟ್ಟು ಕುದುರೆಯನ್ನು ನೇರವಾಗಿ ಜಗ್ಗುನಡೆಯಲ್ಲಿ (ನಡಿಗೆಗಿಂತ ಚುರುಕಾದ ಟ್ರಾಟ್ ಓಟ) ಓಡಿಸಲಿ, ಇನ್ನೊಬ್ಬರು ಎದುರಿಗೆ ನಿಂತು ತಲೆ ನೋಡಲಿ. ಹಗ್ಗ ಬಿಗಿ ಹಿಡಿದರೆ ಏನೂ ಕಾಣುವುದಿಲ್ಲ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರುವಾಗ ಕೆಳಗಿಳಿಯುತ್ತದೆ. ಹೊಸಬರೆಲ್ಲ ಇದನ್ನು ತಿರುವುಮುರುವು ಮಾಡಿಕೊಂಡು ಒಳ್ಳೆಯ ಕಾಲನ್ನೇ ತಿಕ್ಕುತ್ತ ಕೂರುತ್ತಾರೆ. ನಾನೂ ಎರಡು ದಿನ ಅದನ್ನೇ ಮಾಡಿದೆ. ಹಿಂಗಾಲಾದರೆ ಹಿಂದಿನಿಂದ ನೋಡಿ: ನೋಯುವ ಬದಿಯ ಸೊಂಟ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಕಣ್ಣಿಗೆ ಸಿಗದಿದ್ದರೆ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಮಾಡಿ. ಡಾಕ್ಟರಿಗೆ ಕಳಿಸುವುದಕ್ಕೂ ಬರುತ್ತದೆ.

ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಕುಂಟಿಗೆ ಕಾರಣ ಬಹುಪಾಲು ಸಲ ಮುಂಗಾಲಿನ ಗೊರಸಿನಲ್ಲೇ ಸಿಗುತ್ತದೆ. ಭುಜಕ್ಕೆ ಎಣ್ಣೆ ತಿಕ್ಕುವ ಮೊದಲು ಗೊರಸು ಎತ್ತಿ ನೋಡಿ.

ಸೋಮಾರಿತನದ ವಿಷಯಕ್ಕೆ ಬಂದರೆ, ಸೋಮಾರಿ ಕುದುರೆ ಮನೆ ಕಡೆ ಮುಖ ಮಾಡಿದ ಕೂಡಲೇ ಚುರುಕಾಗುತ್ತದೆ. ಕಾಲು ನೋಯುವ ಕುದುರೆ ಮನೆ ಕಡೆಗೂ ಹಾಗೇ ಬರುತ್ತದೆ.

ನಿನ್ನೆ ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ಕಾಲೇ ಊರುತ್ತಿಲ್ಲ. ಮೂಳೆ ಮುರಿಯಿತೇ?

ಮುರಿದಿರಲೂಬಹುದು. ಹಾಗಾಗಿ ಡಾಕ್ಟರಿಗೆ ಫೋನ್ ಮೊದಲು. ಆದರೆ ಮಳೆಗಾಲದಲ್ಲಿ ಹೀಗಾದರೆ ಹೆಚ್ಚಿನ ಸಲ ಗೊರಸಿನೊಳಗೆ ಕೀವು ಕಟ್ಟಿರುತ್ತದೆ. ಅಂಗಾಲು ಮತ್ತು ಗೊರಸಿನ ಗೋಡೆ ಸೇರುವಲ್ಲಿ ಒಂದು ಬಿಳಿ ಗೆರೆ ಇದೆ. ನೀರು ಕುಡಿದು ಮೆತ್ತಗಾದ ಆ ಗೆರೆಯಲ್ಲಿ ಸಣ್ಣ ಹರಳು, ಕೆಸರು ಹೊಕ್ಕಿತೆನ್ನಿ, ಜೊತೆಗೆ ರೋಗಾಣುವೂ ಒಳಗೆ ಹೋಗುತ್ತದೆ. ನಮ್ಮ ಉಗುರುಸುತ್ತಿಗೆ ಬಾತುಕೊಳ್ಳಲು ಜಾಗವಿದೆ. ಗೊರಸು ಗಟ್ಟಿ ಡಬ್ಬಿ, ಹಿಗ್ಗುವುದಿಲ್ಲ. ಒಳಗಿನ ಕೀವು ಒತ್ತಿ ಒತ್ತಿ ಕುದುರೆಗೆ ಜೀವ ಹೋದಂತಾಗುತ್ತದೆ.

ಗುರುತುಗಳು ಹೀಗಿವೆ. ಒಂದೇ ಕಾಲು. ಪಕ್ಕದ ಗೊರಸಿಗಿಂತ ಅದು ಬಿಸಿ. ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ ಬೆರಳಿಟ್ಟರೆ ನಾಡಿ ಡಬಡಬ ಹೊಡೆಯುತ್ತಿರುತ್ತದೆ. ಆರೋಗ್ಯದ ದಿನ ಈ ನಾಡಿಯನ್ನು ಹುಡುಕಿ ಹಿಡಿಯುವುದೇ ಕಷ್ಟ. ಆದ್ದರಿಂದ ಕುದುರೆ ಚೆನ್ನಾಗಿರುವಾಗಲೇ ನಾಲ್ಕೂ ಕಾಲಿನಲ್ಲಿ ಹುಡುಕಿ ಅಭ್ಯಾಸ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಆಪತ್ತಿನ ದಿನ ಹೋಲಿಸಲು ಏನೂ ಇರುವುದಿಲ್ಲ.

ಕೀವಿಗೆ ದಾರಿ ಮಾಡಿಕೊಡುವುದೇ ಮದ್ದು. ಡಾಕ್ಟರು ಇಕ್ಕಳದಂಥ ಸಲಕರಣೆಯಿಂದ ಗೊರಸನ್ನು ಒತ್ತುತ್ತ ಹೋಗಿ ನೋವಿನ ಜಾಗ ಹಿಡಿದು ಅಲ್ಲಿ ಸಣ್ಣ ತೂತು ತೆಗೆಯುತ್ತಾರೆ. ಕಪ್ಪು, ನಾರುವ ನೀರು ಹೊರಬಿದ್ದ ಕೆಲವೇ ಹೊತ್ತಿಗೆ ಕುದುರೆ ಕಾಲೂರುವುದುಂಟು. ಆ ತೂತನ್ನು ನೀವು ಕುಡುಗೋಲಿನಲ್ಲಿ ಕೆತ್ತಲು ಹೋಗಬೇಡಿ. ಅಂಗಾಲು ದಪ್ಪವಲ್ಲ, ಒಂದು ಸೆಂಟಿಮೀಟರಿನ ಆಸುಪಾಸು. ಅದರಾಚೆ ಜೀವಂತ ಮಾಂಸ, ಅದರಾಚೆ ಮೂಳೆ.

ಡಾಕ್ಟರು ಬರುವವರೆಗೆ, ಬಂದುಹೋದ ಮೇಲೂ ಅವರು ಹೇಳಿದಷ್ಟು ದಿನ, ಮನೆಯಲ್ಲಿ ಮಾಡಬಹುದಾದದ್ದು ಪಟ್ಟು ಹಾಕುವುದು. ಗೊರಸು ತೊಳೆದು ಉಗುರು ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ಅದ್ದಿಸಿ. ಆಮೇಲೆ ಗೋಧಿ ಬೂಸಾಕ್ಕೆ ಅದೇ ಉಪ್ಪು ಕಲಸಿ ಅಡಿಗೆ ಮೆತ್ತಿ, ಮಕ್ಕಳ ಡೈಪರ್ ಸುತ್ತಿ, ಅದರ ಮೇಲೆ ಅಗಲ ಟೇಪು ಬಿಗಿಯಿರಿ. ಟೇಪು ಗೊರಸಿನ ಮೇಲಷ್ಟೇ ಇರಲಿ, ಕೂದಲಿರುವ ಚರ್ಮಕ್ಕೆ ಏರಿದರೆ ರಕ್ತ ಓಡಾಟಕ್ಕೆ ತಡೆಯಾಗುತ್ತದೆ. ದಿನಕ್ಕೊಮ್ಮೆ ಬದಲಿಸಿ. ನಮ್ಮೂರ ಅಂಗಡಿಯವನಿಗೆ ಡೈಪರ್ ಯಾರಿಗೆಂದು ಹೇಳಿದ ಮೇಲೆ ಒಂದು ವಾರ ಊರಿಗೆಲ್ಲ ಅದೇ ಸುದ್ದಿ.

ಕೆಲವೊಮ್ಮೆ ಕೀವು ಕೆಳಗೆ ದಾರಿ ಸಿಗದೆ ಮೇಲಕ್ಕೇರಿ, ಗೊರಸು ಮತ್ತು ಕೂದಲು ಸೇರುವ ಅಂಚಿನಲ್ಲಿ ಒಡೆಯುತ್ತದೆ. ಅಲ್ಲೊಂದು ಅಡ್ಡ ಬಿರುಕು ಉಳಿದು, ಗೊರಸು ಬೆಳೆದಂತೆ ತಿಂಗಳುಗಟ್ಟಲೆ ಕೆಳಗಿಳಿಯುತ್ತ ಬರುತ್ತದೆ. ಗಾಬರಿ ಬೇಡ. ಇನ್ನೊಂದು ಮಾತು: ಯಾವುದೇ ಗೊರಸಿನ ಗಾಯಕ್ಕೂ ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ಮಾಲೀಕರನ್ನು ಕೇಳಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ನೆನಪಿಲ್ಲ ಎಂದರೆ ಆಗಿಲ್ಲ ಎಂದೇ ಲೆಕ್ಕ.

ಅಂಗಾಲಿಗೆ ಮೊಳೆ ಹೊಕ್ಕಿದೆ. ಕೀಳಲೇ?

ಡಾಕ್ಟರು ಬೇಗ ಬರುವುದಾದರೆ ಕೀಳಬೇಡಿ. ಮೊಳೆ ಇರುವಂತೆಯೇ ಎಕ್ಸ್‌ರೇ ತೆಗೆದರೆ ಅದು ಎಲ್ಲಿಯವರೆಗೆ ಹೋಗಿದೆ ಎಂದು ಕಾಣುತ್ತದೆ. ಇನ್ನಷ್ಟು ಒಳಗೆ ಹೋಗದಂತೆ ಸುತ್ತ ದಪ್ಪ ಬಟ್ಟೆಯ ಮೆತ್ತೆ ಕಟ್ಟಿ, ಕುದುರೆಯನ್ನು ನಿಂತಲ್ಲೇ ನಿಲ್ಲಿಸಿ. ಕೀಳಲೇಬೇಕಾದರೆ ಮೊದಲು ಫೋಟೋ ತೆಗೆದು, ಹೊಕ್ಕ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಮೊಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಉದ್ದ, ಓರೆ ಎರಡೂ ಡಾಕ್ಟರಿಗೆ ಬೇಕು. ಅಂಗಾಲಿನ ನಡುವಿನ ಮೆತ್ತನೆ ತ್ರಿಕೋನಕ್ಕೆ, ಅಂದರೆ ಫ್ರಾಗ್‌ಗೆ, ಹೊಕ್ಕ ಮೊಳೆ ಅಪಾಯದ್ದು. ಅದರ ಮೇಲೆಯೇ ಕೀಲು, ಸ್ನಾಯುರಜ್ಜು ಇವೆ. ಮೇಲೆ ತೂತು ಮುಚ್ಚಿಕೊಂಡು ‘ವಾಸಿಯಾಯ್ತು’ ಅನ್ನಿಸುವುದೇ ಮೋಸ.

ಕುಂಟುವುದಿಲ್ಲ. ಆದರೆ ಚಿರೆಕಲ್ಲಿನ ದಾರಿಯಲ್ಲಿ ಕೆಂಡ ಹಾಯುವವರ ಹಾಗೆ ನಡೆಯುತ್ತದೆ. ಯಾಕೆ?

ಅಂಗಾಲು ಸೂಕ್ಷ್ಮ ಎನ್ನುವುದು ಇದನ್ನೇ. ಎರವಿನ ಕುದುರೆಗಳಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಇದು, ಮತ್ತು ಹೆಚ್ಚಿನ ಸಲ ಅದಕ್ಕೊಂದು ಹಿಂದಿನ ಕತೆ ಇರುತ್ತದೆ. ನಮ್ಮ ಕುದುರೆಯದೂ ಹಾಗೇ. ಐದಾರು ವರ್ಷ ಲಾಳದ ಮೇಲೆ ಡಾಂಬರಿನಲ್ಲಿ ನಡೆದ ಕುದುರೆ. ‘ಹಳ್ಳಿಗೆ ಹೋಗ್ತದಲ್ಲ, ಲಾಳ ಯಾಕೆ’ ಎಂದು ಕಳಿಸುವ ಹಿಂದಿನ ದಿನ ಲಾಳ ಕಿತ್ತಿದ್ದರು. ನಮಗೆ ಹೇಳಲಿಲ್ಲ. ಲಾಳದ ಮೇಲಿದ್ದ ಅಂಗಾಲಿಗೆ ನೆಲದ ರೂಢಿ ಇರುವುದಿಲ್ಲ, ತೆಳುವಾಗಿರುತ್ತದೆ. ಮೊಳೆಯ ತೂತುಗಳಿಂದ ಗೋಡೆಯ ಅಂಚು ಪುಡಿಯಾಗುತ್ತದೆ. ಅದರ ಮೇಲೆ ನಮ್ಮ ಜೂನ್ ತಿಂಗಳು! ಹುಬ್ಬಳ್ಳಿಯ ಒಣ ನೆಲದಲ್ಲಿ ಕಲ್ಲಿನ ಹಾಗಿದ್ದ ಗೊರಸು ಇಲ್ಲಿ ಮೂರು ವಾರದ ಮಳೆಗೆ ನೆನೆದ ಹಪ್ಪಳವಾಗುತ್ತದೆ. ಕಾಲಡಿಗೆ ಚಿರೆಕಲ್ಲಿನ ಹರಳು.

ಗೊರಸು ತಿಂಗಳಿಗೆ ಬೆಳೆಯುವುದು ಸುಮಾರು 6ರಿಂದ 10 ಮಿಲಿಮೀಟರ್. ಮುಂತುದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ‘ಎರಡು ವಾರದಲ್ಲಿ ರೂಢಿಯಾಗ್ತದೆ’ ಎನ್ನುವವರನ್ನು ನಂಬಬೇಡಿ. ಮೊದಲ ತಿಂಗಳುಗಳಲ್ಲಿ ಸವಾರಿ ಬಿಟ್ಟುಬಿಡಿ. ಬೇಣದ ಹುಲ್ಲು ನೆಲದಲ್ಲಿ ನಡೆಸಿ. ಗಟ್ಟಿ ದಾರಿ ದಾಟಲೇಬೇಕಾದರೆ ಗೊರಸಿಗೆ ಹಾಕುವ ರಬ್ಬರ್ ಬೂಟು ಸಿಗುತ್ತದೆ, ಅಳತೆ ಸರಿಯಿರಬೇಕು. ಬಯೋಟಿನ್ ಎಂಬ ವಿಟಮಿನ್ ಕೊಡಬಹುದೇ ಎಂದು ಕೇಳುತ್ತಾರೆ. ಕೊಡಬಹುದು, ಆದರೆ ಅದು ಹೊಸದಾಗಿ ಹುಟ್ಟುವ ಗೊರಸಿಗೆ ಮಾತ್ರ. ಈಗಿರುವ ತೆಳು ಅಂಗಾಲನ್ನು ಅದು ದಪ್ಪ ಮಾಡುವುದಿಲ್ಲ.

ಹಾಗಾದರೆ ಮತ್ತೆ ಲಾಳ ಹಾಕಿಸಬಾರದೇಕೆ? ಎತ್ತಿಗೆ ಲಾಳ ಕಟ್ಟುವವರು ನಮ್ಮಲ್ಲೇ ಇದ್ದಾರಲ್ಲ.

ಎತ್ತಿನದು ಸೀಳುಗೊರಸು. ಒಂದೊಂದು ಕಾಲಿಗೆ ಎರಡೆರಡು ತೆಳು ತಗಡು, ಎತ್ತನ್ನು ಕೆಡವಿ ಕಾಲು ಕಟ್ಟಿ ಹೊಡೆಯುವ ಕೆಲಸ. ಕುದುರೆಗೆ ಅದು ಬಾರದು. ಕುದುರೆಯ ಲಾಳಕ್ಕೆ ಮೊದಲು ಗೊರಸನ್ನು ಕತ್ತರಿಸಿ, ಉಜ್ಜಿ, ಹದ ಮಾಡಬೇಕು. ಮೊಳೆ ಸತ್ತ ಗೋಡೆಯಲ್ಲೇ ಹಾದು ಹೊರಬರಬೇಕು. ಒಳಕ್ಕೆ ಸರಿದರೆ ಅದೇ ಹೊಸ ಕುಂಟು. ಲಾಳ ಹೊಡೆಸಿದ ಒಂದೆರಡು ದಿನದಲ್ಲಿ ಕುಂಟಿದರೆ ಮೊದಲ ಸಂಶಯ ಮೊಳೆಯ ಮೇಲೆಯೇ.

ಕುದುರೆಗೆ ಲಾಳ ಹೊಡೆಯುವ ನಾಲಬಂದರು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬರಬೇಕು. ಲಾಳ ಇರಲಿ ಬಿಡಲಿ, 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಒಬ್ಬರೇ ಕರೆಸಿದರೆ ಪ್ರಯಾಣದ ಖರ್ಚೇ ಹೊರೆ. ನಾವು ಮೂರು ಮನೆಯವರು ಸೇರಿ ಒಂದೇ ದಿನಕ್ಕೆ ಕರೆಸುತ್ತೇವೆ. ಬಂದವರಿಗೆ ‘ಅಂಗಾಲು ಕೆತ್ತಿ ನುಣ್ಣಗೆ ಮಾಡಬೇಡಿ ಅಣ್ಣಾ’ ಎಂದು ಮೊದಲೇ ಹೇಳಿ. ಕೆಲವರಿಗೆ ಬೆಳ್ಳಗೆ ಹೊಳೆಯುವವರೆಗೆ ಕೆತ್ತುವ ಚಪಲ. ನೋಡಲು ಚಂದ, ಮರುದಿನ ಕುದುರೆ ಹೆಜ್ಜೆ ಇಡುವುದಿಲ್ಲ.

ಗೊರಸಿನ ಅಡಿ ಕಪ್ಪಾಗಿ ಕೊಳೆತ ವಾಸನೆ. ತೋಟಕ್ಕೆ ತಂದ ಮೈಲುತುತ್ತ ಇದೆ, ಹಾಕಲೇ?

ಅಡಿಕೆಗೆ ಕೊಳೆ ಬಂದರೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಯುವ ನಮಗೆ ಎಲ್ಲ ಕೊಳೆಗೂ ಅದೇ ಮದ್ದು ಎಂಬ ನಂಬಿಕೆ. ಇಲ್ಲಿ ಅದು ಅರ್ಧ ಸತ್ಯ. ಈ ಕೊಳೆಗೆ ಥ್ರಷ್ ಎನ್ನುತ್ತಾರೆ. ಫ್ರಾಗ್‌ನ ಪಕ್ಕದ ಸಂದುಗಳಲ್ಲಿ ಗಾಳಿಯಾಡದೆ, ಲದ್ದಿ ಗಂಜಲದಲ್ಲಿ ನೆನೆದು ಬರುವಂಥದ್ದು. ಮೈಲುತುತ್ತದ ತೆಳು ದ್ರಾವಣ ಕೆಲಸ ಮಾಡುತ್ತದೆ ನಿಜ. ಪುಡಿಯನ್ನೇ ತುಂಬಿದರೆ ಜೀವಂತ ಮಾಂಸ ಸುಡುತ್ತದೆ. ಸಂದು ಆಳವಾಗಿದ್ದರೆ, ಒತ್ತಿದಾಗ ಕಾಲು ಎಳೆದುಕೊಂಡರೆ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ಇಟ್ಟು ದಿನಾ ಬದಲಿಸಿ.

ಆದರೆ ಮದ್ದಿಗಿಂತ ಹಾಸು ಮುಖ್ಯ. ನಮ್ಮ ಕೊಟ್ಟಿಗೆ ಪದ್ಧತಿಯೇ ಗೊಬ್ಬರಕ್ಕಾಗಿ: ಬೆಟ್ಟದ ಸೊಪ್ಪು ತಂದು ಹಾಸುವುದು, ಆಕಳು ತುಳಿದು ಗಂಜಲ ಹೀರಲಿ ಎಂದು ಬಿಡುವುದು. ತೋಟಕ್ಕೆ ಒಳ್ಳೆಯದು, ಕುದುರೆಯ ಕಾಲಿಗೆ ಕೆಟ್ಟದ್ದು. ಕುದುರೆ ನಿಲ್ಲುವ ಮೂಲೆಯನ್ನು ಗೇಣು ಎತ್ತರಿಸಿ, ನೀರು ಹರಿದುಹೋಗುವಂತೆ ಓಟ ಕೊಟ್ಟು, ಒಣ ದರಕನ್ನೋ (ಉದುರಿದ ಎಲೆ) ಮರದ ಹೊಟ್ಟನ್ನೋ ಹಾಸಿ. ದಿನಕ್ಕೆರಡು ಸಲ ಗೊರಸು ಕೆರೆದು ಶುಚಿ ಮಾಡಿ. ಮಳೆ ಬಿಡದಿದ್ದರೂ ದಿನದಲ್ಲಿ ಕೆಲವು ತಾಸಾದರೂ ಕಾಲು ಒಣಗಿರಬೇಕು. ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಹಡಗಿನಿಂದ ಇಳಿಸಿದ ಅರಬ್ಬಿ ಕುದುರೆಗಳನ್ನು ವಿಜಯನಗರದವರು ಇಲ್ಲಿ ಇಟ್ಟುಕೊಳ್ಳದೆ ಘಟ್ಟ ಹತ್ತಿಸಿ ಒಯ್ದದ್ದು ಸೈನ್ಯಕ್ಕಾಗಿ ಇರಬಹುದು. ನನ್ನನ್ನು ಕೇಳಿದರೆ ಅವುಗಳ ಗೊರಸಿನ ಪುಣ್ಯವೂ ಹೌದು.

ಕಾರವಾರದ ಕಡಲತೀರ ಹತ್ತಿರವೇ ಇದೆ. ಹೊಯ್ಗೆಯಲ್ಲಿ ನಡೆಸಿದರೆ ಒಳ್ಳೆಯದಲ್ಲವೇ?

ಅಂಗಾಲು ನೋಯುವ ಕುದುರೆಗೆ ನೀರಂಚಿನ ಒದ್ದೆ, ಗಟ್ಟಿ ಹೊಯ್ಗೆ ಹಿತವೇ. ಮೇಲಿನ ಒಣ ಹೊಯ್ಗೆ ಬೇರೆ. ಕಾಲು ಹೂತು ಹೂತು ಸ್ನಾಯುರಜ್ಜು ಎಳೆಯುತ್ತದೆ, ಕುಂಟು ಗೊರಸಿನದಲ್ಲದಿದ್ದರೆ ಇನ್ನೂ ಕೆಡುತ್ತದೆ. ಮೀನುಗಾರರ ದೋಣಿ ನಿಲ್ಲುವ ಕಡೆ ಗಾಳ, ತಂತಿ, ಬಾಟಲಿ ಚೂರು ಇರುತ್ತವೆ, ಅಲ್ಲಿ ಹೋಗಬೇಡಿ. ಬಂದ ಮೇಲೆ ಸಿಹಿನೀರಿನಲ್ಲಿ ಕಾಲು ತೊಳೆಯಿರಿ. ಹುಲ್ಲನ್ನು ಹೊಯ್ಗೆಯ ಮೇಲೆ ಹಾಕಿ ತಿನ್ನಿಸಬೇಡಿ, ಹೊಟ್ಟೆಗೆ ಹೊಯ್ಗೆ ಸೇರಿ ಶೂಲೆ ಬರುತ್ತದೆ.

ಮುಂಗಾಲೆರಡನ್ನೂ ಮುಂದೆ ಚಾಚಿ, ಹಿಂದಕ್ಕೆ ಭಾರ ಹಾಕಿ ನಿಂತಿದೆ. ತಿರುಗಲು ಒಲ್ಲೆ ಎನ್ನುತ್ತದೆ.

ಓದುವುದನ್ನು ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಇದು ಲ್ಯಾಮಿನೈಟಿಸ್ ಇರಬಹುದು. ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ಇರುವ ಬೆಸುಗೆ ಬಿಡುವ ರೋಗ. ಬಿಟ್ಟರೆ ಮೂಳೆ ತಿರುಗಿ ಅಂಗಾಲಿನ ಕಡೆ ಇಳಿಯುತ್ತದೆ, ಹಿಂದಕ್ಕೆ ತರುವುದು ಕಷ್ಟ. ಫೋನ್ ಆದ ಮೇಲೆ ಎರಡೂ ಕಾಲನ್ನು ಗೆಣ್ಣಿನ ಮೇಲಿನವರೆಗೆ ಐಸ್ ನೀರಿನಲ್ಲಿ ಇಡಿ. ಮೀನು ಪೇಟೆ ಇರುವ ನಮ್ಮ ಕರಾವಳಿಯಲ್ಲಿ ಐಸಿಗೆ ಬರವಿಲ್ಲ. ಕಾಲಡಿಗೆ ದಪ್ಪ ಹೊಯ್ಗೆ ಹಾಸಿ. ನಡೆಸಬೇಡಿ. ಕಾಳು, ಬೆಲ್ಲ ಪೂರ್ತಿ ನಿಲ್ಲಿಸಿ.

ಇದು ಕಾಲಿನ ರೋಗವಾದರೂ ಹುಟ್ಟುವುದು ಹೆಚ್ಚಾಗಿ ಹೊಟ್ಟೆಯಲ್ಲಿ. ಮಿತಿಮೀರಿದ ಹುರುಳಿ, ಅಕ್ಕಿ, ಅನ್ನ. ಕೊಬ್ಬಿದ ಮೈ. ಸಿಹಿ ತುಂಬಿದ ಎಳೆ ಹುಲ್ಲು. ಮನೆಗೆ ಬಂದ ನೆಂಟರೆಲ್ಲ ‘ಪಾಪ, ಕುದುರೆ’ ಎಂದು ಒಬ್ಬೊಬ್ಬರು ಒಂದೊಂದು ಅಚ್ಚು ಬೆಲ್ಲ ತಿನ್ನಿಸುತ್ತಾರೆ. ಶಿರಸಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ನಮ್ಮ ಮನೆಯಲ್ಲಿ ನೆಂಟರ ಸಂತೆ. ಕುದುರೆ ಕಟ್ಟಿದಲ್ಲಿ ‘ಏನೂ ಕೊಡಬೇಡಿ’ ಎಂದು ಬೋರ್ಡು ಬರೆದು ಹಾಕಿದ್ದೆ. ನಮ್ಮತ್ತೆಯೇ ಅದನ್ನು ಓದಿ, ಬಾಳೆಹಣ್ಣು ಕೊಟ್ಟರು.

ಮನೆಯಲ್ಲಿ ನೋವಿನ ಮಾತ್ರೆ ಇದೆ. ಒಂದು ಹಾಕಿದರೆ?

ಬೇಡ. ನೋವು ಮರೆಯಾದ ಕುದುರೆ ಕೆಟ್ಟ ಕಾಲಿನ ಮೇಲೆ ಪೂರ್ತಿ ಭಾರ ಹಾಕುತ್ತದೆ, ಬಂದ ಡಾಕ್ಟರಿಗೆ ಕುಂಟೂ ಕಾಣುವುದಿಲ್ಲ. ಪ್ರಮಾಣ ತಪ್ಪಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಅಂತೂ ಕೂಡದು. ರಣಹದ್ದುಗಳ ಸಾವಿಗೆ ಕಾರಣವಾಯಿತೆಂದು ಜಾನುವಾರುಗಳಿಗೆ ಅದನ್ನು ಬಳಸುವುದು 2006ರಿಂದ ನಿಷೇಧ.

ನಮ್ಮೂರ ಡಾಕ್ಟರು ಆಕಳು, ಎಮ್ಮೆ ನೋಡುವವರು. ಅವರನ್ನೇ ಕರೆಯುವುದೇ?

ಹೌದು, ಮೊದಲು ಅವರನ್ನೇ. ಜ್ವರ, ಕೀವು, ಚುಚ್ಚುಮದ್ದು ಅವರಿಗೆ ಹೊಸದಲ್ಲ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಫೋನ್ ನಂಬರು 1962. ಎಕ್ಸ್‌ರೇ, ಹೆಚ್ಚಿನ ತಪಾಸಣೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ದಾರಿಯನ್ನು ಅವರೇ ಹೇಳುತ್ತಾರೆ. ಫೋನಿನಲ್ಲಿ ‘ಕುಂಟ್ತಾ ಇದೆ’ ಎಂದಷ್ಟೇ ಹೇಳಬೇಡಿ. ಯಾವ ಕಾಲು, ಯಾವಾಗಿನಿಂದ, ಗೊರಸು ಬಿಸಿಯೇ, ಗುದದಲ್ಲಿ ನೋಡಿದ ಉಷ್ಣಾಂಶ ಎಷ್ಟು (37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ), ಕೊನೆಯ ಲಾಳ ಯಾವಾಗ ಎಂದು ಹೇಳಿ. ಕಾಲುದ್ದಕ್ಕೂ ಗಂಟುಗಳೆದ್ದು ಒಡೆಯುತ್ತಿದ್ದರೆ, ಮೂಗಿನಿಂದ ದಪ್ಪ ಸಿಂಬಳ ಬರುತ್ತಿದ್ದರೆ ಕೈಯಿಂದ ಮುಟ್ಟಬೇಡಿ. ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಬರುತ್ತದೆ, ಸರಕಾರಕ್ಕೆ ತಿಳಿಸಲೇಬೇಕಾದ ರೋಗ.

ಮಾಲೀಕರಿಗೆ ಯಾವಾಗ ಹೇಳುವುದು? ‘ನೀವೇ ಕೆಡಿಸಿದಿರಿ’ ಅಂದರೆ?

ಅದೇ ದಿನ ಹೇಳಿ. ‘ಎರಡು ದಿನ ನೋಡೋಣ, ಸರಿಹೋದರೆ ಹೇಳುವುದೇ ಬೇಡ’ ಎಂಬ ಆಸೆ ನನಗೂ ಇತ್ತು. ಐದನೇ ದಿನ ಹೇಳಿದಾಗ ಅವರು ಕುದುರೆಯ ಬಗ್ಗೆ ಕೇಳಲಿಲ್ಲ, ನಾಲ್ಕು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಅವರು ಲಾಳ ಕಿತ್ತದ್ದನ್ನು ಮುಚ್ಚಿಟ್ಟಿದ್ದರು, ನಾನು ಕುಂಟನ್ನು ಮುಚ್ಚಿಟ್ಟಿದ್ದೆ. ನಡುವೆ ನೋವು ತಿಂದದ್ದು ಮಾತು ಬಾರದ್ದು.

ಕಾನೂನು ಈ ವಿಷಯದಲ್ಲಿ ತೀರಾ ಹಳೆಯದು, ತೀರಾ ಸ್ಪಷ್ಟ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಎರವಲಿಗೆ ಕೊಟ್ಟ ಉದಾಹರಣೆಗಳಲ್ಲೇ ಕುದುರೆಗಳಿವೆ. 150ನೇ ಕಲಂ: ಕೊಡುವವನು ತನಗೆ ಗೊತ್ತಿರುವ ದೋಷವನ್ನು ಹೇಳಲೇಬೇಕು. ತುಂಟ ಕುದುರೆ ಎಂದು ಗೊತ್ತಿದ್ದೂ ಹೇಳದೆ ಕೊಟ್ಟು, ಅದು ಸವಾರನನ್ನು ಕೆಡವಿದರೆ ನಷ್ಟ ಕೊಟ್ಟವನ ತಲೆಗೆ. 151: ಇಟ್ಟುಕೊಂಡವನು ತನ್ನ ಸ್ವಂತ ಸೊತ್ತನ್ನು ವಿವೇಕಿಯೊಬ್ಬ ನೋಡಿಕೊಳ್ಳುವಷ್ಟು ಜತನ ಮಾಡಬೇಕು. 154 ನಮಗೆ ಬಿಸಿ ಮುಟ್ಟಿಸುವಂಥದ್ದು: ‘ನೀನೊಬ್ಬನೇ ಹತ್ತು’ ಎಂದು ಕೊಟ್ಟ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಹತ್ತಲು ಬಿಟ್ಟು, ಅವರು ಎಷ್ಟೇ ಜಾಗ್ರತೆಯಿಂದ ಹತ್ತಿದ್ದರೂ ಕುದುರೆ ಬಿದ್ದು ಗಾಯವಾದರೆ ನೀವೇ ತೆರಬೇಕು. ರಜೆಗೆ ಬಂದ ಅಕ್ಕನ ಮಕ್ಕಳನ್ನು ಸಾಲಾಗಿ ಕೂರಿಸುವ ಮೊದಲು ಇದು ನೆನಪಿರಲಿ. ಖರ್ಚಿನ ಮಾತು 158ರಲ್ಲಿದೆ: ಅವರಿಗಾಗಿ ನೀವು ಪುಕ್ಕಟೆ ಸಾಕುತ್ತಿದ್ದರೆ ಅಗತ್ಯದ ವೆಚ್ಚ ಅವರದು. ನಿಮ್ಮ ಸವಾರಿಗೆಂದು ನೀವೇ ಕೇಳಿ ತಂದಿದ್ದರೆ ಅದೇ ಮಾತು ಹೇಳುವುದು ಕಷ್ಟ.

ಇಷ್ಟೆಲ್ಲ ಬೇಡವೆಂದರೆ ಒಂದು ಹಾಳೆ ಬರೆಯಿರಿ. ಲಾಳದ ಖರ್ಚು ಯಾರದು, ಡಾಕ್ಟರ ಖರ್ಚು ಎಷ್ಟರವರೆಗೆ ಯಾರದು, ಯಾರು ಹತ್ತಬಹುದು, ಮಾಲೀಕರು ಫೋನಿಗೆ ಸಿಗದಾಗ ನಿರ್ಧಾರ ಯಾರದು. ‘ಪರಿಚಯದವರಲ್ಲಿ ಕಾಗದ ಪತ್ರ ಏನು ಮಾರಾಯ್ರೇ’ ಎನ್ನುತ್ತಾರೆ. ಪರಿಚಯ ಉಳಿಯಲಿ ಎಂದೇ ಕಾಗದ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದಂತೆ. ಎರವಿಗೆ ಬಂದ ಕುದುರೆಯ ಗೊರಸನ್ನು ಮಾತ್ರ ಲಾರಿಯಿಂದ ಇಳಿಸಿದ ಕೂಡಲೇ, ತಂದವರ ಎದುರಿಗೇ ನಾಲ್ಕನ್ನೂ ಎತ್ತಿ ಫೋಟೋ ತೆಗೆಯಿರಿ.

ಮಾಲೀಕರು ‘ನಾಟಕ ಮಾಡ್ತದೆ, ಓಡಿಸಿ’ ಅಂತಾರೆ.

ಓಡಿಸಬೇಡಿ. ಕಾಯಿಲೆ, ಗಾಯ ಇರುವ ಪ್ರಾಣಿಯಿಂದ ಕೆಲಸ ತೆಗೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಸಿಕ್ಕಿಬೀಳುವುದು ಜೀನಿನ ಮೇಲೆ ಕೂತ ನೀವೇ. ವಿಡಿಯೋ ಕಳಿಸಿ, ಡಾಕ್ಟರ ಚೀಟಿ ಕಳಿಸಿ, ಮೆಲ್ಲಗೆ ‘ನೀವೇ ಬಂದು ಒಂದು ಸಲ ನಡೆಸಿ ನೋಡಿ’ ಎನ್ನಿ. ನಮ್ಮವರು ಬಂದರು, ಅಂಗಳದಲ್ಲಿ ಎರಡು ಸುತ್ತು ನಡೆಸಿದರು, ಚಹಾ ಕುಡಿದು, ಮುಂದಿನ ಸಲ ನಾಲಬಂದರ ಖರ್ಚು ನನ್ನದು ಎಂದರು.

ವಾಪಸು ಕಳಿಸಬೇಕಾಗಿದೆ. ಕುಂಟುವ ಕುದುರೆಯನ್ನು ಲಾರಿಯಲ್ಲಿ ಘಟ್ಟ ಹತ್ತಿಸಬಹುದೇ?

ಕಾಲೇ ಊರದ ಸ್ಥಿತಿಯಲ್ಲಿ ಬೇಡ, ಡಾಕ್ಟರು ಒಪ್ಪಿದ ಮೇಲೆ. ಲಾರಿಯಲ್ಲಿ ಕುದುರೆ ನಿಂತುಕೊಂಡೇ ನಾಲ್ಕೂ ಕಾಲಿನಿಂದ ತೋಲ ಹಿಡಿಯುತ್ತಿರುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಮೂರೇ ಕಾಲಿನಲ್ಲಿ ಅದು ಆಗದ ಕೆಲಸ. ಮುಂಗಾಲು ನೋವಾದರೆ ಮುಖ ಹಿಂದಕ್ಕೆ ಬರುವಂತೆ ನಿಲ್ಲಿಸಿ, ಬ್ರೇಕ್ ಹಾಕಿದಾಗ ಭಾರ ಹಿಂಗಾಲಿಗೆ ಬೀಳುತ್ತದೆ. ತಳಕ್ಕೆ ರಬ್ಬರ್ ಹಾಸು, ಅದರ ಮೇಲೆ ನಾಲ್ಕು ಬೆರಳು ಹೊಯ್ಗೆ. ಹಗ್ಗ ತಲೆ ತಗ್ಗಿಸುವಷ್ಟು ಸಡಿಲವಿರಲಿ. ತಾಸು, ಎರಡು ತಾಸಿಗೊಮ್ಮೆ ನಿಲ್ಲಿಸಿ ನೀರು ಕೊಡಿ. ಡ್ರೈವರಿಗೆ ಹೊರಡುವ ಮೊದಲೇ ಊಟ ಹಾಕಿ ಕಳಿಸಿ, ಮನೆ ಮುಟ್ಟುವ ಅವಸರಕ್ಕೆ ತಿರುವಿನಲ್ಲಿ ಜೋರು ಹೊಡೆಯದಿರಲಿ.